ಈ ಪಾಡ್‌ಕಾಸ್ಟ್ ಹುಟ್ಟಿದ್ದು ಬ್ಲಾಗ್ ಮನೆಯಲ್ಲಿ: ಬ್ಲಾಗಿಂಗ್ ನಡೆದು ಬಂದ ದಾರಿ

ಬ್ಲಾಗ್ ಅಂದ ತಕ್ಷಣ 'ಅಯ್ಯೋ, ಅದು ಹಳೇ ಕಾಲದ್ದು, ಈಗ ಯಾರು ಓದ್ತಾರೆ' ಅಂತ ನಿಮ್ಮಲ್ಲಿ ಸುಮಾರು ಜನ ಅಂದುಕೊಂಡಿರ್ತೀರಿ. ಆದ್ರೆ ಈಗ ಇಯರ್‌ಫೋನ್ ಹಾಕ್ಕೊಂಡು ಕೇಳ್ತಾ ಇದ್ದೀರಲ್ಲ, ಈ ಪಾಡ್‌ಕಾಸ್ಟ್ ಹುಟ್ಟಿದ್ದೇ ಬ್ಲಾಗ್ ಮನೆಯಲ್ಲಿ. ಹೇಗೆ ಅಂತ ಇವತ್ತು ಹೇಳ್ತೀನಿ.

1994ರ ಜನವರಿಯಲ್ಲಿ ಅಮೆರಿಕದ ಸ್ವಾರ್ತ್‌ಮೋರ್ ಕಾಲೇಜಿನ ವಿದ್ಯಾರ್ಥಿ ಜಸ್ಟಿನ್ ಹಾಲ್ ತನ್ನದೇ ಒಂದು ವೆಬ್ ಪುಟ ಶುರು ಮಾಡಿದ. ಮೊದಮೊದಲು ತನಗೆ ಇಷ್ಟವಾದ ಲಿಂಕ್‌ಗಳು, ಆಮೇಲೆ ತನ್ನ ಬದುಕಿನ ಖಾಸಗಿ ವಿಷಯಗಳು. ಆಗ ಇದಕ್ಕೊಂದು ಹೆಸರೇ ಇರಲಿಲ್ಲ. 1997ರ ಡಿಸೆಂಬರ್‌ನಲ್ಲಿ ಜಾರ್ನ್ ಬಾರ್ಗರ್ ಎಂಬಾತ 'ವೆಬ್‌ಲಾಗ್' ಅಂತ ಕರೆದ. ಹಡಗಿನವರು ದಿನಚರಿ ಪುಸ್ತಕ ಇಡ್ತಾರಲ್ಲ, ಅದೇ ಲಾಗ್. 1999ರಲ್ಲಿ ಪೀಟರ್ ಮರ್‌ಹೋಲ್ಜ್ ಆ ಪದವನ್ನ ತಮಾಷೆಗೆ 'ವೀ ಬ್ಲಾಗ್' ಅಂತ ಒಡೆದು ಓದಿದ. ಜನಕ್ಕೆ ಆ ತಮಾಷೆಯೇ ಹಿಡಿಸಿಬಿಡ್ತು.

ಅಲ್ಲಿಯವರೆಗೆ ಹೆಚ್ಚಿನವರು ಕೋಡ್ ಕಲಿತೇ ಪುಟ ಮಾಡಬೇಕಿತ್ತು. ಅದೇ 1999ರ ಆಗಸ್ಟ್‌ನಲ್ಲಿ ಇವಾನ್ ವಿಲಿಯಮ್ಸ್, ಮೆಗ್ ಹೌರಿಹಾನ್ ಇವರ ಪುಟ್ಟ ಕಂಪನಿ 'ಬ್ಲಾಗರ್' ತಂತು. ಖಾಲಿ ಜಾಗದಲ್ಲಿ ಬರೆಯಿರಿ, ಬಟನ್ ಒತ್ತಿ, ಮುಗೀತು. 2003ರಲ್ಲಿ ಗೂಗಲ್ ಅದನ್ನ ಕೊಂಡುಕೊಂಡಿತು. ವರ್ಡ್‌ಪ್ರೆಸ್ ಬಂದಿದ್ದೂ ಅದೇ ವರ್ಷ.

ಕನ್ನಡದವರಿಗೆ ಮಾತ್ರ ಆ ಬಟನ್ ಸಾಕಾಗಲಿಲ್ಲ. ನಮಗೆ ಅಕ್ಷರದ್ದೇ ತಕರಾರು! ಒಂದೊಂದು ಸೈಟ್‌ಗೆ ಒಂದೊಂದು ಫಾಂಟ್. ಅದು ನಿಮ್ಮ ಕಂಪ್ಯೂಟರ್‌ನಲ್ಲಿ ಇಲ್ಲದಿದ್ದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣೋದು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂದ ಮೇಲೆ ಇಂಗ್ಲಿಷ್ ಕೀಬೋರ್ಡ್‌ನಲ್ಲೇ ಉಚ್ಚಾರದಂತೆ ಟೈಪ್ ಮಾಡೋದು ಸಲೀಸಾಯ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಎಂಬ ಯೂನಿಕೋಡ್ ಫಾಂಟ್ ಬಂತು. ಆದರೂ ಒತ್ತಕ್ಷರ ಸರಿಯಾಗಿ ಕೂರಬೇಕಾದ್ರೆ ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಟಿಕ್ ಹಾಕಬೇಕು, ಕೆಲವು ಸಲ ವಿಂಡೋಸ್ ಸಿಡಿ ಹುಡುಕಬೇಕು. ಇಷ್ಟೆಲ್ಲ ದಾಟಿದ ಮೇಲೇ ಕನ್ನಡ ಬ್ಲಾಗ್‌ಗಳು ಸಾಲುಸಾಲಾಗಿ ಹುಟ್ಟಿದ್ದು. ಐಟಿಯವರು, ಪತ್ರಕರ್ತರು, ಹೊರದೇಶದ ಕನ್ನಡಿಗರು ಬರೆದರು. ಪತ್ರಿಕೆಗೆ ಕಳಿಸಿ ತಿಂಗಳುಗಟ್ಟಲೆ ಕಾಯೋ ಕಷ್ಟ ಇಲ್ಲ. ಇವತ್ತಿನ 'ಅವಧಿ' ಕೂಡ ಶುರುವಾಗಿದ್ದು ವರ್ಡ್‌ಪ್ರೆಸ್ ಬ್ಲಾಗ್ ಆಗಿಯೇ.

ಸರಿ, ಇದರಲ್ಲಿ ಪಾಡ್‌ಕಾಸ್ಟ್ ಎಲ್ಲಿಂದ ಬಂತು? ಹತ್ತಾರು ಬ್ಲಾಗ್ ಓದೋರು ದಿನಾ ಎಲ್ಲ ಕಡೆ ಹೋಗಿ 'ಹೊಸದೇನಾದ್ರೂ ಬಂತಾ' ಅಂತ ಇಣುಕೋಕಾಗಲ್ಲ. ಅದಕ್ಕೆ ಇದ್ದ ಉಪಾಯ ಆರ್‌ಎಸ್‌ಎಸ್. ಬ್ಲಾಗ್ ತನ್ನ ಹೊಸ ಬರಹಗಳ ಪಟ್ಟಿಯನ್ನ ಒಂದು ಫೈಲ್‌ನಲ್ಲಿ ಇಡುತ್ತೆ, ನಿಮ್ಮ ಆ್ಯಪ್ ಅದನ್ನ ಓದಿ ನಿಮಗೆ ತಂದುಕೊಡುತ್ತೆ. ನೀವು ಕೇಳಿದ್ದು ಮಾತ್ರ ಬರುತ್ತೆ, ಬಂದ ಕ್ರಮದಲ್ಲೇ ಬರುತ್ತೆ. 2000ದ ಕೊನೆಯಲ್ಲಿ, ಆ್ಯಡಂ ಕರಿ ಕೇಳಿಕೊಂಡ ಮೇಲೆ, ಡೇವ್ ವೈನರ್ ಆ ಪಟ್ಟಿಗೆ ಆಡಿಯೋ ಫೈಲ್ ಲಗತ್ತಿಸೋ ಅವಕಾಶ ಸೇರಿಸಿದರು. ಅಷ್ಟೇ ಸ್ವಾಮಿ, ಅದೇ ಪಾಡ್‌ಕಾಸ್ಟ್. ಇವತ್ತಿಗೂ ಬಹುಪಾಲು ಪಾಡ್‌ಕಾಸ್ಟ್‌ಗಳು ಓಡ್ತಿರೋದು ಇದರ ಮೇಲೆ.

ಇಲ್ಲೊಂದು ತಿರುವಿದೆ. ಬ್ಲಾಗರ್ ಕಟ್ಟಿದ ಅದೇ ಇವಾನ್ ವಿಲಿಯಮ್ಸ್ ಆಮೇಲೆ 'ಓಡಿಯೋ' ಎಂಬ ಪಾಡ್‌ಕಾಸ್ಟ್ ಕಂಪನಿಯಲ್ಲಿದ್ದರು. 2005ರಲ್ಲಿ ಆ್ಯಪಲ್ ತನ್ನ ಐಟ್ಯೂನ್ಸ್‌ಗೇ ಪಾಡ್‌ಕಾಸ್ಟ್ ಸೇರಿಸಿದ ಮೇಲೆ ಓಡಿಯೋಗೆ ಕೆಲಸವೇ ಇಲ್ಲದಂತಾಯ್ತು. ಬೇರೇನು ಮಾಡೋಣ ಅಂತ ಹುಡುಕಿದಾಗ, 2006ರಲ್ಲಿ, ಆ ತಂಡದಿಂದ ಹೊರಬಂದಿದ್ದೇ ಟ್ವಿಟರ್. ಬ್ಲಾಗಿಗರ ದೊಡ್ಡ ಗುಂಪನ್ನ ಕರೆದುಕೊಂಡು ಹೋಗಿದ್ದು ಫೇಸ್‌ಬುಕ್ ಮತ್ತು ಇದೇ ಟ್ವಿಟರ್. 2013ರ ಜುಲೈ 1ರಂದು ಗೂಗಲ್ ತನ್ನ 'ರೀಡರ್' ಸೇವೆಯನ್ನೂ ಮುಚ್ಚಿತು. ಯಾರದ್ದನ್ನು ಓದಬೇಕು ಅನ್ನೋದನ್ನ ನಾವು ಆರಿಸೋ ಬದಲು ಅಲ್ಗಾರಿದಮ್ ಆರಿಸೋಕೆ ಶುರುವಾಯ್ತು. ನನ್ನ ಪ್ರಕಾರ ನಮಗೆ ನಿಜವಾಗಿ ಆದ ನಷ್ಟ ಇದು.

ಇನ್ನೊಂದು ಚಿಂತೆ ಇದೆ. ಉಚಿತ ಬ್ಲಾಗ್ ಅಂದ್ರೆ ಬಾಡಿಗೆ ಕೊಡದ ಮನೆ, ಆದ್ರೆ ಮನೆ ನಮ್ಮದಲ್ಲ. 2006ರ ಜುಲೈನಲ್ಲಿ, ಮುಂಬೈ ರೈಲು ಸ್ಫೋಟಗಳ ನಂತರ, ಕೇಂದ್ರ ಸರ್ಕಾರ ಕೆಲವೇ ಪುಟಗಳನ್ನು ತಡೆಯಲು ಹೇಳಿದ್ದಕ್ಕೆ ಇಂಟರ್ನೆಟ್ ಕಂಪನಿಗಳು ಇಡೀ ಬ್ಲಾಗ್‌ಸ್ಪಾಟನ್ನೇ ಬಂದ್ ಮಾಡಿದ್ದವು. 2009ರಲ್ಲಿ ಯಾಹೂ ಜಿಯೋಸಿಟೀಸ್ ಮುಚ್ಚಿದಾಗ ಲಕ್ಷಾಂತರ ಪುಟಗಳಿಗೆ ವಿಳಾಸವೇ ಇಲ್ಲದಂತಾಯ್ತು. ಆ ಕಾಲದ ಕನ್ನಡ ಬ್ಲಾಗ್ ಬರಹಗಳಲ್ಲಿ ಎಷ್ಟೋ ಎಂದೂ ಪುಸ್ತಕವಾಗಿಲ್ಲ, ಇರೋದು ಆ ಒಂದೇ ವಿಳಾಸದಲ್ಲಿ.

ಹಾಗಾಗಿ ಒಂದು ಕೆಲಸ. ನಿಮ್ಮ ಅಕ್ಕನೋ, ಮಾವನೋ, ಕಾಲೇಜಿನ ಮೇಷ್ಟ್ರೋ ಆಗ ಬ್ಲಾಗ್ ಬರೀತಿದ್ರಾ ಕೇಳಿ. ಬ್ಲಾಗರ್ ಆಗಿದ್ರೆ ಸೆಟ್ಟಿಂಗ್ಸ್‌ನಲ್ಲಿ ಬ್ಯಾಕಪ್ ಅಂತ ಇರುತ್ತೆ, ಅಲ್ಲಿಂದ ಎಲ್ಲ ಬರಹ ಇಳಿಸಿಕೊಳ್ಳಬಹುದು. ಪಾಸ್‌ವರ್ಡ್ ನೆನಪಿಲ್ಲ ಅಂದ್ರೆ, ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷಿನ್‌ಗೆ ಆ ಬ್ಲಾಗ್‌ನ ಒಂದೊಂದೇ ಬರಹದ ವಿಳಾಸ ಹಾಕಿ, ಸೇವ್ ಪೇಜ್ ಒತ್ತಿ. ಅದಕ್ಕೆ ಲಾಗಿನ್ ಕೂಡ ಬೇಕಿಲ್ಲ.