ಆಟದ ದಾರಿಯ ಹೊಗೆ

ಗ್ರಾಂಟ್ ರೋಡಿನಿಂದ ವಾಂಖೆಡೆ ಕ್ರೀಡಾಂಗಣ ಎಷ್ಟು ದೂರವೆನ್ನುತ್ತೀರಿ? ಸ್ಲೋ ಲೋಕಲ್ ಹಿಡಿದರೆ ಚರ್ಚ್‌ಗೇಟ್ ಮೂರನೆಯ ನಿಲ್ದಾಣ. ಮುಂದೆ ನಾಲ್ಕು ಹೆಜ್ಜೆ. ಆದರೂ ಕಳೆದ ಸಲ ನಾವು, ಮಕ್ಕಳು ನೂಕುನುಗ್ಗಲಿಗೆ ಸಿಕ್ಕಾರೆಂದು ಅಂಜಿ, ಟ್ಯಾಕ್ಸಿ ಏರಿದೆವು. ಟಾಸ್ ದಾರಿಯಲ್ಲೇ ಮುಗಿಯಿತು. ಹೊಗೆಯನ್ನು ಮಾತ್ರ ಹೊಟ್ಟೆ ತುಂಬ ಕುಡಿದೆವು!

ಪಂದ್ಯಗಳ ಹೊಗೆಯಲ್ಲಿ ದೊಡ್ಡ ಪಾಲು ಹೋಗಿಬರುವ ನಮ್ಮದೇ. ಲೋಕಲಿನ ವಿದ್ಯುತ್ತಿಗೂ ಕಲ್ಲಿದ್ದಲು ಉರಿಯುವುದು ನಿಜ; ಆದರೆ ಸಾವಿರಾರು ಮಂದಿ ಹಂಚಿಕೊಂಡಾಗ ಒಬ್ಬೊಬ್ಬರ ಪಾಲಿಗೆ ಬರುವುದು ಅತ್ಯಲ್ಪ.

ಜರ್ಮನಿಯಲ್ಲಿ 2006ರ ವಿಶ್ವಕಪ್ ಫುಟ್‌ಬಾಲಿನ ಟಿಕೇಟು ಊರ ಬಸ್ಸು, ರೈಲುಗಳಿಗೂ ಸಲ್ಲುತ್ತಿತ್ತು. ಚೆನ್ನೈಯಲ್ಲಿ 2023ರ ಐಪಿಎಲ್ ಟಿಕೇಟು ಮೆಟ್ರೋಗೂ ನಡೆಯಿತು. ಇಲ್ಲಿಯೂ ಹಾಗೆ ಮಾಡಿ, ಆಟ ಮುಗಿದೊಡನೆ ಹೆಚ್ಚಿನ ಗಾಡಿ ಬಿಟ್ಟರೆ ಹೆಂಗಸರು ಮಕ್ಕಳಿಗೂ ಧೈರ್ಯ.

ಅಲ್ಲಿಯವರೆಗೆ? ಮರೀನ್ ಡ್ರೈವಿನ ಗಾಳಿಯಲ್ಲಿ ಅರ್ಧ ಗಂಟೆ ಕುಳಿತು, ಜನ ಕರಗಿದ ಮೇಲೆ ಲೋಕಲ್ ಹತ್ತುವುದೆಂದು ನಾವು ನಿಶ್ಚಯಿಸಿದ್ದೇವೆ. ನೀವೂ ಬರುವಿರಷ್ಟೆ?