ನಿಮಗಿದು ಗೊತ್ತೆ? ಗಾಳಿಯಲ್ಲೇ ಮಣಿ ಸರಿಸುವ ಮಕ್ಕಳು

ಅಬಾಕಸ್ ಕಲಿತ ಮಕ್ಕಳು ಬಾಯಿಲೆಕ್ಕ ಮಾಡುವಾಗ ಬೆರಳುಗಳನ್ನು ಗಾಳಿಯಲ್ಲಿ ಆಡಿಸುವುದನ್ನು ನೋಡಿರಬಹುದು. ಎದುರಿಗಿಲ್ಲದ ಮಣಿಗಳನ್ನು ಅವರು ಮನಸ್ಸಿನಲ್ಲೇ ಸರಿಸುತ್ತಿರುತ್ತಾರೆ. ಈ ಮನೋಗಣಿತಕ್ಕೆ ಜಪಾನಿನಲ್ಲಿ ‘ಅನ್‌ಜಾನ್’ ಎನ್ನುತ್ತಾರೆ, ಮಣಿಗಳ ಚೌಕಟ್ಟಿಗೆ ‘ಸೊರೊಬಾನ್’.

ಈ ಚೌಕಟ್ಟಿನ ಮೂಲ ಚೀನಾ. ಅಲ್ಲಿನ ಚೌಕಟ್ಟಿನಲ್ಲಿ ಪ್ರತಿ ಕಡ್ಡಿಗೆ ಮೇಲೆ 2, ಕೆಳಗೆ 5 ಮಣಿ. ಜಪಾನೀಯರು ಕ್ರಮೇಣ ಅದನ್ನು ಮೇಲೆ 1, ಕೆಳಗೆ 4ಕ್ಕೆ ಇಳಿಸಿದರು. ಮೇಲಿನ ಮಣಿಯ ಬೆಲೆ 5, ಕೆಳಗಿನವು ತಲಾ 1. ಈಗ 4ಕ್ಕೆ 3 ಕೂಡಿಸಬೇಕೆನ್ನಿ. ಕೆಳಗಿನ ನಾಲ್ಕೂ ಮಣಿಗಳು ಆಗಲೇ ಮೇಲೇರಿವೆ, ಕೂಡಿಸಲು ಒಂದೂ ಉಳಿದಿಲ್ಲ. ಆಗ ಐದರ ಮಣಿಯನ್ನು ಇಳಿಸಿ, ಕೆಳಗಿನ ಎರಡನ್ನು ಹಿಂದಕ್ಕೆ ತಳ್ಳಿದರಾಯಿತು: 7! ನಮ್ಮ ಶಾಲೆಗಳಲ್ಲಿ ಕೂಡುವ ಲೆಕ್ಕ ಬಿಡಿ ಸ್ಥಾನದಿಂದ ಶುರುವಾದರೆ, ಇಲ್ಲಿ ಎಡಗಡೆಯ ದೊಡ್ಡ ಸ್ಥಾನದಿಂದ.

1946ರ ನವೆಂಬರ್ 12ರಂದು ಟೋಕಿಯೊದಲ್ಲಿ ಒಂದು ಸ್ವಾರಸ್ಯಕರ ಪಂದ್ಯ ನಡೆಯಿತು. ಜಪಾನಿನ ಅಂಚೆ ಇಲಾಖೆಯ ಕಿಯೋಶಿ ಮತ್ಸುಜಾಕಿ ಕೈಯಲ್ಲಿ ಸೊರೊಬಾನ್. ಅಮೆರಿಕ ಸೇನೆಯ ಥಾಮಸ್ ವುಡ್ ಮುಂದೆ ವಿದ್ಯುತ್ ಚಾಲಿತ ಲೆಕ್ಕದ ಯಂತ್ರ. ಮಣಿಗಳೇ 4–1ರಿಂದ ಗೆದ್ದವು. ಯಂತ್ರದ ಕೈ ಮೇಲಾದದ್ದು ಗುಣಾಕಾರದಲ್ಲಿ ಮಾತ್ರ.

ಜಪಾನಿನ ಪ್ರಾಥಮಿಕ ಶಾಲೆಗಳ 3 ಮತ್ತು 4ನೇ ತರಗತಿಯಲ್ಲಿ ಸೊರೊಬಾನ್ ಪಾಠ ಇಂದಿಗೂ ಇದೆ. ಆದರೆ ಇದು ಕೊಡುವುದು ಲೆಕ್ಕದ ವೇಗ. ಬೀಜಗಣಿತ, ರೇಖಾಗಣಿತಗಳನ್ನು ಬೇರೆಯೇ ಕಲಿಯಬೇಕು. ಅಬಾಕಸ್ ಕ್ಲಾಸಿಗೆ ಫೀಸು ಕಟ್ಟುವ ಮುನ್ನ ಅಪ್ಪ–ಅಮ್ಮಂದಿರು ಇದನ್ನು ನೆನಪಿಡಿ.