ಹೆಸರು ಕೆತ್ತಿದರೆ ಸಾಲದು, ಮನೆಯೂ ಬೇಕು

ಇಪ್ಪತ್ತೆರಡು ವರ್ಷ ಸೇನೆಯಲ್ಲಿ ದುಡಿದು ಬಂದವನಿಗೆ ಊರು ಅಂತ ಯಾವುದನ್ನು ಹೇಳೋಣ? ಹುಟ್ಟಿದ್ದೊಂದು ಕಡೆ, ತರಬೇತಿ ಇನ್ನೊಂದು ಕಡೆ, ಹೆಂಡತಿ ಮಕ್ಕಳು ಇದ್ದದ್ದು ವರ್ಗಾವಣೆಯಾದಾಗಲೆಲ್ಲ ಬದಲಾಗುವ ಕ್ವಾರ್ಟರ್ಸಿನಲ್ಲಿ. ನಿವೃತ್ತಿಯಾಗಿ ಕ್ವಾರ್ಟರ್ಸಿನ ಬೀಗದ ಕೈ ಒಪ್ಪಿಸಿದ ಮೇಲೆ ಎಲ್ಲಿಗೆ ಹೋಗಬೇಕು ಎಂಬುದು ಎಲ್ಲ ದೇಶಗಳ ಸೈನಿಕರಿಗೂ ಎದುರಾಗುವ ಪ್ರಶ್ನೆ. ಬ್ರಿಟನ್ನಿನಲ್ಲಿ ಆ ಪ್ರಶ್ನೆಗೆ ಸರ್ಕಾರಿ ನಮೂನೆಯೇ ಇತ್ತು. ಅಲ್ಲಿ ಕೈಗೆಟಕುವ ಬಾಡಿಗೆಗೆ ಮನೆ ಹಂಚುವುದು ಊರಿನ ಕೌನ್ಸಿಲ್; ನಮ್ಮ ಪುರಸಭೆ, ನಗರಸಭೆಗಳಂಥ ಸಂಸ್ಥೆ. ಅರ್ಜಿ ಹಿಡಿದು ಬಂದವರನ್ನು ಅನೇಕ ಕೌನ್ಸಿಲ್‌ಗಳು ಮೊದಲು ಕೇಳುವುದು, ಈ ಊರಿಗೂ ನಿಮಗೂ ಏನು ಸಂಬಂಧ ಎಂದು. ಎಷ್ಟು ವರ್ಷದಿಂದ ಇಲ್ಲಿದ್ದೀರಿ, ಇಲ್ಲಿ ಕೆಲಸವಿದೆಯೇ, ನೆಂಟರಿದ್ದಾರೆಯೇ? ದೇಶದ ಕೆಲಸಕ್ಕೆಂದು ಊರು ಬಿಟ್ಟವನ ಬಳಿ ಇದಕ್ಕೆ ಉತ್ತರವಿರುತ್ತಿರಲಿಲ್ಲ. ಅರ್ಜಿ ಅಲ್ಲಿಗೇ ಮುಗಿಯುತ್ತಿತ್ತು.

2012ರಲ್ಲಿ ಇಂಗ್ಲೆಂಡಿನಲ್ಲಿ ನಿಯಮ ಬದಲಾಯಿತು. ಸೇನೆ ಬಿಟ್ಟವರು 5 ವರ್ಷದೊಳಗೆ ಅರ್ಜಿ ಹಾಕಿದರೆ ಊರಿನ ಸಂಬಂಧ ಕೇಳುವಂತಿಲ್ಲ ಎಂದಾಯಿತು. ಆ ಮಿತಿಯನ್ನೂ ಈಚೆಗೆ ಸಡಿಲಿಸಲಾಗಿದೆ. ಇದರ ಬೆನ್ನಿಗಿರುವುದು ‘ಸಶಸ್ತ್ರ ಪಡೆಗಳ ಒಡಂಬಡಿಕೆ’. ಸೇನೆಯಲ್ಲಿದ್ದ ಕಾರಣಕ್ಕೆ ಯಾರೂ ಉಳಿದ ನಾಗರಿಕರಿಗಿಂತ ಹಿಂದೆ ಬೀಳಬಾರದು, ಗಾಯಗೊಂಡವರಿಗೂ ಮಡಿದವರ ಮನೆಯವರಿಗೂ ಒಂದು ಕೈ ಹೆಚ್ಚು ಕೊಟ್ಟರೂ ತಪ್ಪಿಲ್ಲ ಎಂಬುದು ಅದರ ಸಾರ. 2011ರಲ್ಲಿ ಇದು ಕಾನೂನಿನೊಳಗೆ ಬಂತು. ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್‌ಗಳ ಎಲ್ಲ ಕೌನ್ಸಿಲ್‌ಗಳೂ ಇದಕ್ಕೆ ಸಹಿ ಹಾಕಿವೆ. ಒಬ್ಬ ಕೌನ್ಸಿಲರನ್ನು ಮಾಜಿ ಸೈನಿಕರ ಅಹವಾಲು ಕೇಳಲೆಂದೇ ನೇಮಿಸುವ ಪದ್ಧತಿಯೂ ಬಹಳ ಕಡೆ ಇದೆ.

ಸಹಿ ಹಾಕಿ ಫೋಟೊ ತೆಗೆಸಿಕೊಳ್ಳುವುದರಲ್ಲಿ ಯಾವ ದೇಶದ ಜನಪ್ರತಿನಿಧಿಗಳೂ ಹಿಂದೆ ಬಿದ್ದಿಲ್ಲ. ಕೌಂಟರಿನಲ್ಲಿ ಕೂತ ಗುಮಾಸ್ತನಿಗೆ ಒಡಂಬಡಿಕೆಯ ಸುದ್ದಿಯೇ ಗೊತ್ತಿಲ್ಲ ಎಂಬ ದೂರು ಅಲ್ಲೂ ಇತ್ತು. ಹಾಗಾಗಿ 2021ರಲ್ಲಿ ಇನ್ನೊಂದು ಕಾಯ್ದೆ ಬಂತು. 2022ರ ನವೆಂಬರ್‌ನಿಂದ ಜಾರಿಯಾದ ಅದರ ಪ್ರಕಾರ ವಸತಿ, ಶಿಕ್ಷಣ, ಆರೋಗ್ಯ ಈ ಮೂರು ವಿಷಯಗಳಲ್ಲಿ ಸ್ಥಳೀಯ ಸಂಸ್ಥೆಗಳು ತೀರ್ಮಾನ ಮಾಡುವಾಗ ಸೈನಿಕ ಕುಟುಂಬಗಳ ಸ್ಥಿತಿಯನ್ನು ಪರಿಗಣಿಸಲೇಬೇಕು. ಪರಿಗಣಿಸಿದ ಮೇಲೆ ಕೊಡಲೇಬೇಕು ಎಂದು ಮಾತ್ರ ಕಾಯ್ದೆ ಹೇಳುವುದಿಲ್ಲ. ಮನೆಗಳೇ ಸಾಲದ ಊರಿನಲ್ಲಿ ಪರಿಗಣನೆ ಹೊದ್ದುಕೊಂಡು ಮಲಗಲಾಗದು. ಆದರೂ ಮೊದಲಿಗಿಂತ ಒಂದು ಹೆಜ್ಜೆ ಮುಂದೆ ಎಂದೇ ಹೇಳಬೇಕು. ಈಗ ಅರ್ಜಿ ತಿರಸ್ಕರಿಸಿದರೆ ಏಕೆ ಎಂದು ಕೇಳಲು ಕಾನೂನಿನ ಆಧಾರವಿದೆ. ಎಷ್ಟು ಜನ ಮಾಜಿ ಸೈನಿಕರಿದ್ದಾರೆ ಎಂಬ ಲೆಕ್ಕವೂ ಅಲ್ಲಿ ಸಿಕ್ಕಿದ್ದು ತೀರ ಈಚೆಗೆ. 2021ರ ಜನಗಣತಿಯಲ್ಲಿ ಮೊದಲ ಬಾರಿಗೆ ‘ಸೇನೆಯಲ್ಲಿದ್ದಿರಾ’ ಎಂದು ಕೇಳಿದಾಗ ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಹೌದೆಂದವರು ಸುಮಾರು 18.5 ಲಕ್ಷ ಮಂದಿ.

ಇದು ಬದುಕಿರುವವರ ಮಾತಾಯಿತು. ಮಡಿದವರ ಸ್ಮರಣೆ ಅಲ್ಲಿ ಇದಕ್ಕಿಂತ ಹಳೆಯದು, ಹೆಚ್ಚು ಅದ್ಧೂರಿಯದು. ನವೆಂಬರ್‌ನ ಎರಡನೆಯ ಭಾನುವಾರ ಬೆಳಿಗ್ಗೆ 11ಕ್ಕೆ ಊರೂರಿನ ಸ್ಮಾರಕದ ಮುಂದೆ ಎರಡು ನಿಮಿಷ ಮೌನ. ಕೊರಳಿಗೆ ಅಧಿಕಾರದ ಸರ ಹಾಕಿಕೊಂಡ ಮೇಯರ್, ಎದೆಗೆ ಪದಕ ಸಿಕ್ಕಿಸಿಕೊಂಡ ಹಿರಿಯರು, ಕೋಟಿನ ಮೇಲೆ ಕಾಗದದ ಕೆಂಪು ಪಾಪಿ ಹೂ. ರಸ್ತೆ ಬಂದ್ ಮಾಡಿಸುವುದು, ಕುರ್ಚಿ ಹಾಕಿಸುವುದು, ಸ್ಮಾರಕ ತೊಳೆಸುವುದು ಇವೆಲ್ಲ ಹೆಚ್ಚಿನ ಕಡೆ ಕೌನ್ಸಿಲ್ಲಿನ ಪಾಲಿಗೇ ಬರುತ್ತವೆ. ಮೊದಲ ಮಹಾಯುದ್ಧದ ಬಳಿಕ ಜನರೇ ಚಂದಾ ಎತ್ತಿ ಸ್ಮಾರಕಗಳನ್ನು ಕಟ್ಟಿಸಿದ್ದರು. ಕಟ್ಟಿದ್ದಾಯಿತು, ನೋಡಿಕೊಳ್ಳುವವರು ಯಾರು? 1923ರಲ್ಲಿ ಬ್ರಿಟಿಷ್ ಸಂಸತ್ತು ಅದಕ್ಕೆಂದೇ ಕಾಯ್ದೆ ಮಾಡಿ, ಯುದ್ಧ ಸ್ಮಾರಕಗಳ ದುರಸ್ತಿ ಮತ್ತು ರಕ್ಷಣೆಗೆ ಸ್ಥಳೀಯ ಸಂಸ್ಥೆಗಳು ತೆರಿಗೆ ಹಣ ಖರ್ಚು ಮಾಡಬಹುದು ಎಂದಿತು. ಮಾಡಲೇಬೇಕು ಎನ್ನಲಿಲ್ಲ. ಆ ದೇಶದಲ್ಲಿ ಇಂಥ ಸ್ಮಾರಕಗಳು 90 ಸಾವಿರಕ್ಕೂ ಹೆಚ್ಚಿವೆ.

ಅವುಗಳಲ್ಲಿ ಒಂದರ ಕತೆ ನಮಗೂ ಸಂಬಂಧಿಸಿದ್ದು. ಲಂಡನ್ನಿನ ದಕ್ಷಿಣಕ್ಕೆ ಕಡಲ ದಂಡೆಯಲ್ಲಿರುವ ಬ್ರೈಟನ್ನಿನಲ್ಲಿ ಗುಮ್ಮಟ, ಮಿನಾರುಗಳ ವಿಚಿತ್ರ ಅರಮನೆಯೊಂದಿದೆ, ರಾಯಲ್ ಪೆವಿಲಿಯನ್ ಎಂದು ಹೆಸರು. ಮುಂದೆ ನಾಲ್ಕನೆಯ ಜಾರ್ಜ್ ಆದ ರಾಜಕುಮಾರ ತನ್ನ ವಿಲಾಸಕ್ಕಾಗಿ ಕಟ್ಟಿಸಿದ್ದು. 1914ರ ಕೊನೆಯಲ್ಲಿ ಫ್ರಾನ್ಸಿನ ಕಂದಕಗಳಿಂದ ಗಾಯಗೊಂಡ ಭಾರತೀಯ ಸೈನಿಕರು ಹಡಗು ಹಡಗಾಗಿ ಬರತೊಡಗಿದಾಗ ಈ ಅರಮನೆ, ಪಕ್ಕದ ಡೋಮ್ ಸಭಾಂಗಣ, ಒಂದು ಶಾಲೆ ಮತ್ತು ಬಡವರನ್ನು ಇರಿಸಿ ದುಡಿಸುತ್ತಿದ್ದ ಊರಿನ ವರ್ಕ್‌ಹೌಸ್ ಕಟ್ಟಡ ಆಸ್ಪತ್ರೆಗಳಾದವು. ಚಕ್ರವರ್ತಿ ತನ್ನ ಸ್ವಂತ ಅರಮನೆಯನ್ನೇ ಸಿಪಾಯಿಗಳಿಗೆ ಬಿಟ್ಟುಕೊಟ್ಟಿದ್ದಾನೆ ಎಂಬ ಪ್ರಚಾರ ಪಂಜಾಬಿನ ಹಳ್ಳಿಗಳವರೆಗೂ ಹೋಯಿತು. ನಿಜವೇನೆಂದರೆ 1850ರಲ್ಲೇ ಬ್ರೈಟನ್ ಊರು ಅದನ್ನು ರಾಣಿ ವಿಕ್ಟೋರಿಯಾಳಿಂದ ದುಡ್ಡು ಕೊಟ್ಟು ಕೊಂಡಿತ್ತು. ಬಿಟ್ಟುಕೊಟ್ಟದ್ದು ಊರಿನ ಕಾರ್ಪೊರೇಷನ್, ಹೆಸರು ಬಂದದ್ದು ರಾಜನಿಗೆ.

ವ್ಯವಸ್ಥೆಯನ್ನು ಮಾತ್ರ ಮೆಚ್ಚಬೇಕು. ಜಾತಿ ಧರ್ಮಗಳ ಕಟ್ಟಳೆ ಮುರಿಯಬಾರದೆಂದು ಅರಮನೆಯ ಅಂಗಳದಲ್ಲಿ ಒಂಬತ್ತು ಅಡುಗೆಮನೆಗಳು. ಹಿಂದೂಗಳಿಗೊಂದು, ಮುಸ್ಲಿಮರಿಗೊಂದು ನೀರಿನ ನಲ್ಲಿ. ತೂಗುದೀಪಗಳ ಕೆಳಗೆ ಸಾಲು ಮಂಚ. ಅದೇ ಆಸ್ಪತ್ರೆಗಳ ಸುತ್ತ ಬೇಲಿ, ಕಾವಲು. ಸಿಪಾಯಿಗಳು ಒಬ್ಬೊಬ್ಬರೇ ಊರಿನಲ್ಲಿ ಓಡಾಡಬಾರದು, ಬಿಳಿಯ ನರ್ಸ್‌ಗಳು ಅವರ ಶುಶ್ರೂಷೆ ಮಾಡಬಾರದು ಎಂಬ ಅಪ್ಪಣೆಗಳು. ವರ್ಕ್‌ಹೌಸ್ ಕಟ್ಟಡದಲ್ಲಿದ್ದ ಕಿಚನರ್ ಆಸ್ಪತ್ರೆಯಲ್ಲಿ ಬಂದೋಬಸ್ತು ಎಷ್ಟು ಬಿಗಿಯಾಗಿತ್ತೆಂದರೆ, ಅಲ್ಲಿನ ಭಾರತೀಯ ವೈದ್ಯ ಸಿಬ್ಬಂದಿಯೊಬ್ಬ ಬೇಸತ್ತು ಮುಖ್ಯಾಧಿಕಾರಿಯ ಮೇಲೆ ಗುಂಡು ಹಾರಿಸಲು ಹೋಗಿ ಜೈಲು ಸೇರಿದ. ಉಪಚಾರ ಮತ್ತು ಅನುಮಾನ ಒಂದೇ ಸೂರಿನಡಿ ಇದ್ದವು.

ಅಲ್ಲಿ ತೀರಿಕೊಂಡವರಲ್ಲಿ ಹಿಂದೂ ಮತ್ತು ಸಿಖ್ ಸೈನಿಕರು 53 ಮಂದಿ. ಊರಾಚೆ ಪ್ಯಾಚಮ್ ಎಂಬಲ್ಲಿನ ಹುಲ್ಲುಗುಡ್ಡದ ಮೇಲೆ ಚಿತೆಗೆ ಕಟ್ಟೆ ಕಟ್ಟಿಸಿ, ಅವರವರ ಪದ್ಧತಿಯಂತೆ ದಹನ ಮಾಡಲಾಯಿತು. ಬೂದಿಯನ್ನು ಕಡಲಿಗೆ ಬಿಟ್ಟರು. ಮುಸ್ಲಿಮರನ್ನು ವೋಕಿಂಗ್ ಮಸೀದಿಯ ಬಳಿಗೆ ಒಯ್ದು ದಫನ ಮಾಡಿದರು. ಚಿತೆ ಉರಿದ ಜಾಗದಲ್ಲಿ ಸ್ಮಾರಕವಾಗಬೇಕು ಎಂಬ ಸಲಹೆ 1915ರಲ್ಲೇ ಭಾರತೀಯ ವೈದ್ಯಾಧಿಕಾರಿಯೊಬ್ಬರಿಂದ ಬಂತು. ಮೇಯರ್ ಜಾನ್ ಓಟರ್ ಅದನ್ನು ಕೈಗೆತ್ತಿಕೊಂಡರು. ಮುಂಬೈನ ಯುವ ವಾಸ್ತುಶಿಲ್ಪಿ ಇ.ಸಿ. ಹೆನ್ರಿಕ್ಸ್ ನಕ್ಷೆ ಬರೆದರು. ಖರ್ಚನ್ನು ಇಂಡಿಯಾ ಆಫೀಸ್ ಮತ್ತು ಬ್ರೈಟನ್ ಕಾರ್ಪೊರೇಷನ್ ಹಂಚಿಕೊಂಡವು. ಬಿಳಿ ಅಮೃತಶಿಲೆಯ ಎಂಟು ಕಂಬಗಳು, ಮೇಲೊಂದು ಗುಮ್ಮಟ. ಕೆಳಗೆ ಮೂರು ಕಲ್ಲು ಹಾಸುಗಳು, ಚಿತೆಯ ಕಟ್ಟೆಗಳನ್ನು ಮುಚ್ಚಿದವು. 1921ರ ಫೆಬ್ರುವರಿ 1ರಂದು ವೇಲ್ಸ್ ರಾಜಕುಮಾರ ಅನಾವರಣ ಮಾಡಿದ. ಇದಕ್ಕೆ ಛತ್ರಿ ಎಂದೇ ಹೆಸರು. ಇಂದಿಗೂ ಅಲ್ಲಿಗೆ ವಾಹನ ಹೋಗುವುದಿಲ್ಲ, ಕುರಿ ಮೇಯುವ ಗುಡ್ಡ ಹತ್ತಿ ನಡೆದೇ ಹೋಗಬೇಕು.

ಆಮೇಲೆ ಎಲ್ಲ ಸ್ಮಾರಕಗಳಿಗೂ ಆಗುವುದೇ ಇದಕ್ಕೂ ಆಯಿತು. ಕಾಲ ಕಳೆದಂತೆ ಜನ ಮರೆತರು, ಗಿಡಗಂಟಿ ಬೆಳೆಯಿತು. ಎರಡನೆಯ ಮಹಾಯುದ್ಧದಲ್ಲಿ ಸೇನೆ ಆ ಗುಡ್ಡವನ್ನು ತರಬೇತಿಗೆ ತೆಗೆದುಕೊಂಡಿತು. ಸೈನಿಕರ ನೆನಪಿಗೆ ನಿಂತ ಕಂಬಗಳಿಗೆ ಸೈನಿಕರ ಗುಂಡುಗಳೇ ತಗುಲಿದವು. ಯುದ್ಧ ಮುಗಿದ ಮೇಲೆ ದುರಸ್ತಿಯಾಗಿ, 1951ರಿಂದ ಮಾಜಿ ಸೈನಿಕರ ಸಂಘವಾದ ಬ್ರಿಟಿಷ್ ಲೀಜನ್ ವರ್ಷಕ್ಕೊಮ್ಮೆ ಅಲ್ಲಿ ಸೇರತೊಡಗಿತು. ಸದಸ್ಯರಿಗೆ ವಯಸ್ಸಾಯಿತು, ಗುಡ್ಡ ಹತ್ತುವುದು ಕಷ್ಟವಾಯಿತು, 1999ಕ್ಕೆ ಅದು ನಿಂತಿತು. ಮರುವರ್ಷವೇ ಊರಿನ ಭಾರತೀಯ ಮೂಲದ ಕೆಲವರು ಸ್ವಂತ ಆಸಕ್ತಿಯಿಂದ ಅದನ್ನು ಎತ್ತಿಕೊಂಡರು. ಈಗ ಪ್ರತಿ ಜೂನ್ ತಿಂಗಳ ಒಂದು ಭಾನುವಾರ ಅಲ್ಲಿ ಸಭೆ ಸೇರುತ್ತದೆ, ಕೌನ್ಸಿಲ್ಲಿನ ಪ್ರತಿನಿಧಿಗಳು, ಸಿಖ್ ಹಿರಿಯರು, ಶಾಲೆಯ ಮಕ್ಕಳು ಬರುತ್ತಾರೆ.

ಇಷ್ಟೆಲ್ಲ ಆದರೂ ಆ 53 ಜನರ ಹೆಸರು ಅಲ್ಲಿರಲಿಲ್ಲ. ಛತ್ರಿಯ ಮೇಲೆ ಇಂಗ್ಲಿಷಿನ ಜೊತೆ ಭಾರತೀಯ ಭಾಷೆಗಳಲ್ಲೂ ಒಕ್ಕಣೆ ಇತ್ತು, ಚಕ್ರವರ್ತಿಯ ಉಲ್ಲೇಖವಿತ್ತು, ಸತ್ತವರು ಯಾರೆಂದು ಮಾತ್ರ ಇರಲಿಲ್ಲ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ ಅವರ ಹೆಸರುಗಳ ಫಲಕವನ್ನು ಪಕ್ಕದಲ್ಲಿ ನಿಲ್ಲಿಸಿದ್ದು 2010ರಲ್ಲಿ. ಛತ್ರಿ ಎದ್ದು 89 ವರ್ಷಗಳ ಮೇಲೆ.

ಬ್ರೈಟನ್ನಿನ ಕತೆಯಲ್ಲಿ ಇನ್ನೊಂದು ತುಣುಕಿದೆ, ಪ್ರವಾಸಿಗರ ಕೈಪಿಡಿಗಳಲ್ಲಿ ಇದಕ್ಕೆ ಸಿಗುವ ಜಾಗ ಕಡಿಮೆ. ಭಾರತೀಯರು ಹೋದ ಮೇಲೆ 1916ರಿಂದ 1920ರವರೆಗೆ ಅದೇ ಅರಮನೆ ಕೈಕಾಲು ಕಳೆದುಕೊಂಡ ಬ್ರಿಟಿಷ್ ಸೈನಿಕರ ಆಸ್ಪತ್ರೆಯಾಯಿತು. ಅಲ್ಲಿ ಬರಿಯ ಕೃತಕ ಕಾಲು ಕೊಟ್ಟು ಕಳಿಸಲಿಲ್ಲ, ಅಂಗಳದಲ್ಲೇ ಕಾರ್ಯಾಗಾರ ತೆರೆದು ಮರಗೆಲಸ, ಮೋಟಾರು ರಿಪೇರಿ, ವಿದ್ಯುತ್ ಕೆಲಸ ಕಲಿಸಿದರು. ಗಂಟೆಗಟ್ಟಲೆ ಭಾಷಣಕ್ಕಿಂತ ಈ ಕಾರ್ಯಾಗಾರ ದೊಡ್ಡ ಗೌರವ ಎಂದು ನನ್ನ ಎಣಿಕೆ. ಅದನ್ನು ಕಂಡವರು ಕಾಲಿಲ್ಲದ ತಮ್ಮ ಪಕ್ಕದ ಬೀದಿಯವನು ಬಡಗಿಯಾಗಿ ಮನೆ ನಡೆಸುವುದನ್ನೂ ಕಂಡಿರುತ್ತಾರೆ.

ನೆನಪು ಮತ್ತು ನೆರವು ಒಂದೇ ಕಡೆ ಇರಬೇಕೆಂಬುದು ಕನ್ನಡ ನಾಡಿಗೆ ಹೊಸ ವಿಚಾರವಲ್ಲ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತು ಸಂಗ್ರಹಾಲಯಕ್ಕೆ ಹೋದರೆ ಬೇಗೂರಿನ ವೀರಗಲ್ಲು ನೋಡಬಹುದು. ಸುಮಾರು 1100 ವರ್ಷ ಹಳೆಯದು. ಆನೆ, ಕುದುರೆ, ಬಿಲ್ಲುಗಾರರು ಕಿಕ್ಕಿರಿದ ಕದನವನ್ನು ಅಷ್ಟಗಲ ಕಲ್ಲಿನಲ್ಲಿ ಕೊರೆದಿದ್ದಾರೆ. ತುಂಬೆಪಾಡಿಯ ಕಾಳಗದಲ್ಲಿ ನಾಗತ್ತರ ಮಡಿದ ಎಂದು ಹೇಳಿದ ಶಾಸನ ಅಲ್ಲಿಗೇ ನಿಲ್ಲುವುದಿಲ್ಲ. ಗಂಗ ದೊರೆ ಎರೆಯಪ್ಪ ಇರುಗ ಎಂಬವನಿಗೆ ನಾಗತ್ತರ ಪಟ್ಟ ಕಟ್ಟಿ, ಬೇಗೂರು ಸೀಮೆಯ ಊರುಗಳನ್ನು ಕಲ್ನಾಡಾಗಿ ಬಿಟ್ಟುಕೊಟ್ಟದ್ದನ್ನೂ ಊರುಗಳ ಹೆಸರು ಸಮೇತ ಬರೆದಿದೆ. ಮಡಿದವನ ಮನೆತನಕ್ಕೆ ನೆತ್ತರುಗೊಡಗೆಯೆಂದು ಗದ್ದೆ, ಹೊಲ ಬಿಟ್ಟ ದಾಖಲೆ ನಮ್ಮ ಶಾಸನಗಳಲ್ಲಿ ಹೇರಳ. ಹೊಗಳಿಕೆ ಮತ್ತು ಹಕ್ಕುಪತ್ರ ಒಂದೇ ಕಲ್ಲಿನಲ್ಲಿ.

ಈಗಿನ ನಮ್ಮ ವ್ಯವಸ್ಥೆಯಲ್ಲಿ ಅವೆರಡೂ ಬೇರೆ ಬೇರೆ ಕಚೇರಿಗಳಲ್ಲಿವೆ. ಮಾಜಿ ಸೈನಿಕರ ಕಡತ ಇರುವುದು ರಾಜ್ಯದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯಲ್ಲಿ. ಪಿಂಚಣಿ, ಚಿಕಿತ್ಸೆಗಳು ಕೇಂದ್ರದ್ದು. ಪ್ರತಿ ಡಿಸೆಂಬರ್ 7ರ ಧ್ವಜ ದಿನಾಚರಣೆಗೆ ಶಾಲೆ, ಕಚೇರಿಗಳಲ್ಲಿ ವಂತಿಗೆ ಎತ್ತುತ್ತಾರೆ, 1949ರಿಂದ ನಡೆದುಬಂದ ಕ್ರಮ. ಈ ಸರಪಳಿಯಲ್ಲಿ ಊರಿನ ಪುರಸಭೆಗೆ ಹೇಳಿಕೊಳ್ಳುವಂಥ ಜಾಗವಿಲ್ಲ. ಅದರ ಪಾಲಿಗೆ ಸಾಮಾನ್ಯವಾಗಿ ಬರುವುದು ವೃತ್ತಕ್ಕೆ ಹೆಸರಿಡುವ ನಿರ್ಣಯ. ನಾವು ವೃತ್ತಕ್ಕೆ ಹೆಸರಿಡುವುದರಲ್ಲಿ ನಿಸ್ಸೀಮರು.

ಮಡಿಕೇರಿಯನ್ನೇ ನೋಡಿ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ, 1965ರ ಯುದ್ಧದಲ್ಲಿ ವಿಮಾನ ಸಮೇತ ಮಡಿದು 1988ರಲ್ಲಿ ಮಹಾವೀರ ಚಕ್ರ ಪಡೆದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ, ಎಲ್ಲರ ಪ್ರತಿಮೆಗಳೂ ರಸ್ತೆ ಕೂಡುವಲ್ಲಿ ನಿಂತಿವೆ. 2023ರ ಆಗಸ್ಟಿನಲ್ಲಿ ಸಾರಿಗೆ ಬಸ್ಸೊಂದು ಡಿಕ್ಕಿ ಹೊಡೆದು ತಿಮ್ಮಯ್ಯನವರ ಪ್ರತಿಮೆ ಉರುಳಿತು. ಊರಿಗೆ ಊರೇ ನೊಂದುಕೊಂಡಿತು, ಪ್ರತಿಮೆ ದುರಸ್ತಿಯಾಗಿ ಮತ್ತೆ ನಿಂತಿತು. ತಿಮ್ಮಯ್ಯನವರು ಹುಟ್ಟಿದ ಸನ್ನಿಸೈಡ್ ಮನೆ 2021ರಲ್ಲಿ ವಸ್ತು ಸಂಗ್ರಹಾಲಯವಾಗಿದೆ. ಅಲ್ಲಿ ನೆನಪಿಗೆ ಕೊರತೆಯಿಲ್ಲ, ಜನರ ಮನಸ್ಸೇ ಕಾವಲು. ಎಲ್ಲ ಊರೂ ಕೊಡಗಲ್ಲ.

ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಸ್ತಂಭವಿದೆ. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರೊಂದಿಗೆ ಸೇರಿ, ಮಶಿನ್‌ಗನ್‌ಗಳ ಎದುರು ಕುದುರೆಯ ಮೇಲೆ ಈಟಿ ಹಿಡಿದು ನುಗ್ಗಿ ಹೈಫಾ ನಗರವನ್ನು ಗೆದ್ದ ಪಡೆ ಅದು. ಹೈಫಾದ ನಗರಪಾಲಿಕೆ ಆ ಸವಾರರ ಕತೆಯನ್ನು ತನ್ನ ಶಾಲಾ ಮಕ್ಕಳಿಗೆ ಪಾಠವಾಗಿಸುವ ನಿರ್ಧಾರವನ್ನು 2012ರಲ್ಲೇ ಮಾಡಿತು. ಸ್ತಂಭದ ಪಕ್ಕದ ಬೀದಿಗಳಲ್ಲಿ ದಿನವೂ ಓಡಾಡುವ ನಮ್ಮ ಮಕ್ಕಳಲ್ಲಿ ಎಷ್ಟು ಜನಕ್ಕೆ ಇದು ಗೊತ್ತಿರಬಹುದು, ನೀವೇ ಊಹಿಸಿ.

ನಮ್ಮ ಸ್ಥಳೀಯ ಸಂಸ್ಥೆಗಳು ಆಯವ್ಯಯ ಮಂಡಿಸುವ ಮೊದಲು ಸಾರ್ವಜನಿಕರ ಸಲಹೆ ಕೇಳಲು ಪೂರ್ವಭಾವಿ ಸಭೆ ಕರೆಯುತ್ತವೆ. ಹೋಗುವವರು ಬೆರಳೆಣಿಕೆ, ಕೇಳುವುದು ಚರಂಡಿ, ಬೀದಿ ದೀಪ. ಅವೂ ಬೇಕಾದವೇ. ಈ ಸಲ ಹೋದವರು ಇನ್ನೆರಡನ್ನು ಸೇರಿಸಿ ಕೇಳಿ. ಊರಿನಲ್ಲಿರುವ ಸ್ಮಾರಕ, ಪ್ರತಿಮೆಗಳ ನಿರ್ವಹಣೆಗೆ ಪ್ರತಿವರ್ಷ ಒಂದಿಷ್ಟು ಹಣ. ಮತ್ತು ಖಾತೆ, ನೀರಿನ ಸಂಪರ್ಕ, ನಿವೇಶನದ ಕೆಲಸಕ್ಕೆ ಬಂದ ಮಾಜಿ ಸೈನಿಕರನ್ನೂ ಸೈನಿಕರ ವಿಧವೆಯರನ್ನೂ ಕೂರಿಸಿ ಮಾತಾಡಿಸಿ, ಜಿಲ್ಲಾ ಸೈನಿಕ ಕಚೇರಿಗೆ ಫೋನು ಹಚ್ಚಿ ಕೇಳುವ ಒಬ್ಬ ಹೊಣೆಗಾರ ನೌಕರ. ಎರಡಕ್ಕೂ ಹೊಸ ಕಾಯ್ದೆ ಬೇಕಿಲ್ಲ.